ರೂಟರ್ ಓಡುತ್ತಿದೆ, ಟ್ರಾಫಿಕ್ ಹೋಗುತ್ತಿದೆ, ನನ್ನನ್ನು ಮಾತ್ರ ಒಳಗೆ ಬಿಡುತ್ತಿಲ್ಲ

ಹೊಸ ಪಾಳಿ

ಎಲ್ಲರಿಗೂ ನಮಸ್ಕಾರ. ನಾನು ಮೊದಲಿನಿಂದಲೂ ಸರ್ವರ್ ಕಡೆಯವನು. ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಹೋದ ಮೇಲೆ ನಾಲ್ಕು ತಿಂಗಳಿಂದ ಅದೂ ನನ್ನ ತಲೆಗೇ ಬಂದಿದೆ. ಹಾಗಾಗಿ ಪ್ರಶ್ನೆ ತೀರಾ ಸಣ್ಣದು ಅನ್ನಿಸಿದರೆ ಬೈಯಬೇಡಿ.

ದೂರದ ಶಾಖೆಯೊಂದರಲ್ಲಿ ಹಳೆಯ ರೂಟರ್ ಇದೆ. ಯಾವ ಕಂಪನಿಯದು ಅಂತ ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಈ ತಿಂಗಳಲ್ಲೇ ಮೂರನೇ ಸಲ ಹೀಗಾಯಿತು: ದೂರದಿಂದ ಲಾಗಿನ್ ಆಗಲು ಟೆಲ್ನೆಟ್ ಮಾಡಿದರೆ ಕನೆಕ್ಷನ್ ರೆಫ್ಯೂಸ್ಡ್, ಅದಕ್ಕಿಂತ ಸುರಕ್ಷಿತವಾದ ಎಸ್‌ಎಸ್‌ಎಚ್ ಮಾಡಿದರೂ ಅದೇ ಉತ್ತರ, ಬ್ರೌಸರ್‌ನಲ್ಲಿ ಅದರ ವೆಬ್ ಪುಟ ತೆಗೆಯಲು ನೋಡಿದೆ, ಅದೂ ಬರಲಿಲ್ಲ. ಆದರೆ ಪಿಂಗ್ ಹೋಗುತ್ತದೆ. ಬಿಜಿಪಿ (ಬೇರೆ ರೂಟರ್‌ಗಳ ಜೊತೆ ದಾರಿ ಹಂಚಿಕೊಳ್ಳುವ ವ್ಯವಸ್ಥೆ) ಅಪ್ ಇದೆ. ಶಾಖೆಯವರ ಕೆಲಸ ಒಂದು ಕ್ಷಣವೂ ನಿಂತಿಲ್ಲ, ಅವರಿಗೆ ಏನೋ ತೊಂದರೆ ಇದೆ ಅನ್ನುವುದೇ ಗೊತ್ತಿಲ್ಲ. ಇನ್ನೂ ತಮಾಷೆ ಅಂದರೆ ರೂಟರ್ ಸ್ಥಿತಿಯನ್ನು ದೂರದಿಂದ ಅಳೆಯುವ ಎಸ್‌ಎನ್‌ಎಂಪಿ ಗ್ರಾಫ್‌ಗಳು ಎಂದಿನಂತೆ ಬರುತ್ತಿವೆ, ಅದರಲ್ಲಿ ಸಿಪಿಯು ಬರೀ 8% ತೋರಿಸುತ್ತಿದೆ.

ಪ್ರತಿಸಲವೂ ಅಲ್ಲಿರುವ ಒಬ್ಬರಿಗೆ ಫೋನ್ ಮಾಡಿ ಪವರ್ ತೆಗೆಸಿ ಮತ್ತೆ ಹಾಕಿಸುತ್ತೇನೆ. ಎದ್ದ ಮೇಲೆ ಎಲ್ಲ ಸರಿ. ಒಂದು ವಾರ, ಹತ್ತು ದಿನ ಕಳೆದರೆ ಮತ್ತೆ ಅದೇ ಕಥೆ.

ಇದು ದಾಳಿಯೇ, ಹಾರ್ಡ್‌ವೇರ್ ಮುದಿಯಾಗಿದೆಯೇ, ಅಥವಾ ನಾನೇ ಏನಾದರೂ ಕೆಡಿಸಿದ್ದೇನೆಯೇ? ನಮ್ಮ ಮ್ಯಾನೇಜರ್ ಹೇಳುವುದು, "ಟ್ರಾಫಿಕ್ ನಿಂತಿಲ್ಲವಲ್ಲ, ಇದರಲ್ಲಿ ಸೆಕ್ಯುರಿಟಿ ವಿಷಯ ಏನು ಬಂತು, ತಿಂಗಳಿಗೊಮ್ಮೆ ರೀಬೂಟ್ ಮಾಡಿ ಬಿಡು" ಅಂತ. ನನಗೇಕೋ ಸಮಾಧಾನವಿಲ್ಲ.

ಕನ್ಸೋಲ್ ಕೇಬಲ್

ಮೊದಲು ಒಂದು ಮಾತು: ರೀಬೂಟ್ ಮಾಡುವುದನ್ನು ನಿಲ್ಲಿಸಿ. ಪವರ್ ತೆಗೆದ ಕೂಡಲೇ ಸಾಕ್ಷಿಯೆಲ್ಲ ಒರೆಸಿ ಹೋಯಿತು. ಮೂರು ಸಲ ಆಗಿದೆ ಅನ್ನುತ್ತೀರಿ, ಮೂರು ಸಲವೂ ಒಳಗೆ ಏನಿತ್ತು ಅಂತ ನೋಡುವ ಅವಕಾಶ ಕಳೆದುಕೊಂಡಿದ್ದೀರಿ.

ರೂಟರ್‌ನಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತವೆ. ಒಂದು, ಬಂದ ಪ್ಯಾಕೆಟ್ಟನ್ನು ನೋಡಿ ಮುಂದಕ್ಕೆ ದಾಟಿಸುವುದು. ಇನ್ನೊಂದು, ನಿಮ್ಮಂಥವರು ಲಾಗಿನ್ ಆದಾಗ ಮಾತಾಡುವುದು. ಎರಡಕ್ಕೂ ಸಂಬಂಧ ಬಹಳ ಕಡಿಮೆ. ಸೇತುವೆ ಮೇಲೆ ಗಾಡಿಗಳು ಓಡುತ್ತಲೇ ಇವೆ, ಸೇತುವೆ ಕಾಯುವವನ ಕೋಣೆ ಮಾತ್ರ ಒಳಗಿಂದ ಚಿಲಕ ಹಾಕಿಕೊಂಡಿದೆ, ಅಷ್ಟೇ. ಅದಕ್ಕೇ ಸಿಪಿಯು 8% ಇದ್ದರೂ ನಿಮಗೆ ಪ್ರವೇಶವಿಲ್ಲ. ಎಸ್‌ಎನ್‌ಎಂಪಿ ಬರುತ್ತಿರುವುದರಲ್ಲೂ ಆಶ್ಚರ್ಯವಿಲ್ಲ, ಅದು ಯುಡಿಪಿ ಪೋರ್ಟ್ 161ರಲ್ಲಿ ಓಡುತ್ತದೆ, ಕನೆಕ್ಷನ್ ಅಂತ ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಪೆಟ್ಟು ಬಿದ್ದಿರುವುದು ಕನೆಕ್ಷನ್ ಕಟ್ಟಿಕೊಂಡು ಮಾತಾಡುವ ಟಿಸಿಪಿ ಕಡೆಗೆ.

ನೀವು ಬರೆದದ್ದನ್ನು ಓದಿದ ತಕ್ಷಣ ನನಗೆ ನೆನಪಾದದ್ದು 2004ರ ಆಗಸ್ಟ್ 27ರಂದು ಸಿಸ್ಕೋ ಕಂಪನಿ ಪ್ರಕಟಿಸಿದ, ಅದರ ರೂಟರ್‌ಗಳನ್ನು ಓಡಿಸುವ ಐಒಎಸ್ ಸಾಫ್ಟ್‌ವೇರಿನ ಟೆಲ್ನೆಟ್ ದೋಷ. ಸಿವಿಇ-2004-1464 ಅಂತ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ನಂಬರು. ಟೆಲ್ನೆಟ್ ಪೋರ್ಟ್‌ಗೆ ಅಥವಾ ರಿವರ್ಸ್ ಟೆಲ್ನೆಟ್ (ರೂಟರ್ ಮೂಲಕ ಅದರ ಸೀರಿಯಲ್ ಸಾಲಿಗೆ ಸಿಕ್ಕಿಸಿದ ಸಾಧನ ತಲುಪುವ ದಾರಿ) ಪೋರ್ಟ್‌ಗೆ ಬೇಕೆಂದೇ ವಕ್ರವಾಗಿ ಕಟ್ಟಿದ ಟಿಸಿಪಿ ಕನೆಕ್ಷನ್ ಒಂದು ಬಂದರೆ ಸಾಕಿತ್ತು, ಆಮೇಲೆ ಹೊಸ ಟೆಲ್ನೆಟ್ ಇಲ್ಲ, ರಿವರ್ಸ್ ಟೆಲ್ನೆಟ್ ಇಲ್ಲ, ದೂರದಿಂದ ಕಮಾಂಡ್ ಓಡಿಸುವ ಆರ್‌ಎಸ್‌ಎಚ್ ಇಲ್ಲ, ಎಸ್‌ಎಸ್‌ಎಚ್ ಕೂಡ ಇಲ್ಲ, ಕೆಲವು ಸಂದರ್ಭಗಳಲ್ಲಿ ಎಚ್‌ಟಿಟಿಪಿಯೂ ಹೋಗುತ್ತಿತ್ತು. ಮೊದಲೇ ಒಳಗಿದ್ದ ಸೆಷನ್‌ಗಳಿಗೆ ಏನೂ ಆಗುತ್ತಿರಲಿಲ್ಲ. ಪ್ಯಾಕೆಟ್ ದಾಟಿಸುವ ಕೆಲಸಕ್ಕೂ ರೂಟಿಂಗ್ ಪ್ರೋಟೋಕಾಲ್‌ಗಳಿಗೂ ಏನೂ ಆಗುತ್ತಿರಲಿಲ್ಲ. ನಿಮ್ಮ ವರ್ಣನೆಯೇ ಅಲ್ವಾ?

ಪಾಸ್‌ವರ್ಡ್ ಬೇಡ, ಲಾಗಿನ್ ಬೇಡ, ಪೋರ್ಟ್ ಕೈಗೆ ಸಿಕ್ಕರೆ ಸಾಕು. ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. "ನಾವು ಎಸ್‌ಎಸ್‌ಎಚ್ ಮಾತ್ರ ಬಳಸುತ್ತೇವೆ, ಟೆಲ್ನೆಟ್ ಸುಮ್ನೆ ತೆರೆದಿದೆ" ಅನ್ನುವವರಿಗೂ ಅದು ಹೊಡೆಯುತ್ತಿತ್ತು. ಟೆಲ್ನೆಟ್ ಬಾಗಿಲಿಗೆ ಒದ್ದರೆ ಎಸ್‌ಎಸ್‌ಎಚ್ ಬಾಗಿಲೂ ಮುಚ್ಚಿಕೊಳ್ಳುತ್ತಿತ್ತು.

ಇಪ್ಪತ್ತು ವರ್ಷದ ಹಳೆಯ ಕಥೆ ಈಗೇಕೆ ಅನ್ನಬೇಡಿ. ದಾಳಿಗೆ ನಿಜವಾಗಿ ಬಳಕೆಯಾಗಿದೆ ಅಂತ ಖಚಿತವಾದ ದೋಷಗಳದ್ದೇ ಒಂದು ಪಟ್ಟಿಯನ್ನು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಇಟ್ಟುಕೊಂಡಿದೆ. ಅದಕ್ಕೆ ಈ 2004ರ ದೋಷವನ್ನು 2023ರ ಮೇ ತಿಂಗಳಲ್ಲಿ ಸೇರಿಸಿದರು. ಹಳೇ ರೂಟರ್‌ಗಳು ಸಾಯುವುದೇ ಇಲ್ಲ, ಅಲಮಾರಿನ ಹಿಂದೆ ಧೂಳು ತಿನ್ನುತ್ತಾ ಓಡುತ್ತಲೇ ಇರುತ್ತವೆ.

ಮುಂದಿನ ಸಲ ಹೀಗಾದಾಗ ಅಲ್ಲಿರುವವರ ಲ್ಯಾಪ್‌ಟಾಪಿಗೆ ಕನ್ಸೋಲ್ ಕೇಬಲ್ (ನೆಟ್‌ವರ್ಕ್ ಇಲ್ಲದೆ ನೇರ ರೂಟರ್‌ಗೆ ಸಿಕ್ಕಿಸುವ ತಂತಿ) ಹಾಕಿಸಿ, ನೀವು ಆ ಲ್ಯಾಪ್‌ಟಾಪ್ ಮೂಲಕ ಒಳಗೆ ಹೋಗಿ. ನಿಮ್ಮದು ಯಾವ ಕಂಪನಿಯದೋ ಗೊತ್ತಿಲ್ಲ, ನಾನು ಸಿಸ್ಕೋ ಐಒಎಸ್ ಭಾಷೆಯಲ್ಲಿ ಹೇಳುತ್ತೇನೆ, ನಿಮ್ಮದಕ್ಕೆ ಹೊಂದಿಸಿಕೊಳ್ಳಿ. "ಶೋ ಯೂಸರ್ಸ್" ಹಾಕಿ ಯಾರು ಕೂತಿದ್ದಾರೆ ನೋಡಿ. "ಶೋ ಟಿಸಿಪಿ ಬ್ರೀಫ್" ಹಾಕಿ ಕನೆಕ್ಷನ್‌ಗಳು ಯಾವ ಸ್ಥಿತಿಯಲ್ಲಿವೆ ನೋಡಿ. ಕ್ಲೋಸ್-ವೇಟ್‌ನಲ್ಲಿ ದಿನಗಟ್ಟಲೆ ನೇತಾಡುತ್ತಿರುವವು ಇದ್ದರೆ ಅನುಮಾನ ಪಡಿ. ಕ್ಲೋಸ್-ವೇಟ್ ಅಂದರೆ ಆ ಕಡೆಯವನು "ನಾನು ಮುಗಿಸಿದೆ" ಅಂತ ಹೇಳಿ ಆಗಿದೆ, ನಮ್ಮ ಕಡೆಯ ಪ್ರೋಗ್ರಾಂ ಇನ್ನೂ ಫೋನ್ ಕೆಳಗಿಟ್ಟಿಲ್ಲ ಅಂತ ಅರ್ಥ. ಅಂಥದ್ದನ್ನು ಕನ್ಸೋಲ್‌ನಿಂದಲೇ "ಕ್ಲಿಯರ್ ಟಿಸಿಪಿ ಟಿಸಿಬಿ" ಹಾಕಿ ಕೊಲ್ಲಬಹುದು, ರೀಬೂಟ್ ಬೇಡವೇ ಬೇಡ.

ಅರ್ಧ ಹ್ಯಾಂಡ್‌ಶೇಕ್

ಮೇಲಿನ ಗುರುಗಳಿಗೆ ಗೌರವ ಇಟ್ಟುಕೊಂಡೇ ಒಂದು ತಕರಾರು. ಲಕ್ಷಣ ಹೊಂದಿತು ಅಂತ ನೇರ 2004ರ ಸಿವಿಇಗೆ ಹಾರುವುದು ಬೇಡ. ಇಷ್ಟೇ ಲಕ್ಷಣ ಬರಲು ಯಾವ ಬಗ್ಗೂ ಬೇಕಿಲ್ಲ. ಐಒಎಸ್‌ನಲ್ಲಿ ರಿಮೋಟ್ ಲಾಗಿನ್‌ಗೆ ಸಾಮಾನ್ಯವಾಗಿ ಇರುವ ಸಾಲುಗಳು ಎಷ್ಟು? ವಿಟಿವೈ 0ರಿಂದ 4, ಅಂದರೆ ಐದೇ ಐದು. ಟೆಲ್ನೆಟ್ ಆಗಲಿ ಎಸ್‌ಎಸ್‌ಎಚ್ ಆಗಲಿ ಇಬ್ಬರೂ ಕೂರುವುದು ಅದೇ ಐದು ಕುರ್ಚಿಗಳ ಮೇಲೆ. ಐದೂ ತುಂಬಿತೋ, ಆರನೆಯವನಿಗೆ ಸಿಗುವುದು ಕನೆಕ್ಷನ್ ರೆಫ್ಯೂಸ್ಡ್. ಅಷ್ಟೇ, ಮ್ಯಾಜಿಕ್ ಏನೂ ಇಲ್ಲ.

ಐದು ಕುರ್ಚಿ ತುಂಬಿಸುವುದು ಎಷ್ಟು ಸುಲಭ ಅಂದರೆ, ದಾಳಿ ಮಾಡುವ ಉದ್ದೇಶವೇ ಇಲ್ಲದವರೂ ಮಾಡಿಬಿಡುತ್ತಾರೆ. ಟೆಲ್ನೆಟ್‌ನ 23ನೇ ಪೋರ್ಟ್ ಇಂಟರ್ನೆಟ್ಟಿಗೆ ತೆರೆದಿದ್ದರೆ ಪಾಸ್‌ವರ್ಡ್ ಹುಡುಕುವ ಬಾಟ್‌ಗಳು ದಿನವಿಡೀ ಬಂದು ಬಾಗಿಲು ತಟ್ಟುತ್ತವೆ. ಯೂಸರ್‌ನೇಮ್ ಕೇಳುವ ಸಾಲಿನಲ್ಲಿ ಸುಮ್ಮನೆ ಕೂತರೂ 30 ಸೆಕೆಂಡು ಒಂದು ಕುರ್ಚಿ ಹೋಯಿತು. ಎಸ್‌ಎಸ್‌ಎಚ್ ಆದರೆ ಡೀಫಾಲ್ಟ್ 120 ಸೆಕೆಂಡು. ಎದ್ದು ಹೋದ ಕೂಡಲೇ ಇನ್ನೊಬ್ಬ ಬಂದು ಕೂರುತ್ತಾನೆ. ಅಂಥವರು ನಾಲ್ಕೈದು ಜನ ಒಟ್ಟಿಗೆ ಬಂದರೆ ನಿಮಗೆ ಜಾಗ ಎಲ್ಲಿ?

ಇನ್ನೊಂದು ನನ್ನದೇ ಅನುಭವ, ಹೇಳಲು ನಾಚಿಕೆಯಾಗುತ್ತದೆ. ಎರಡು ದಿನ ಪೂರ್ತಿ "ಯಾರೋ ಹ್ಯಾಕ್ ಮಾಡುತ್ತಿದ್ದಾರೆ" ಅಂತ ಲಾಗ್ ಕೆದಕಿದೆ. ಕೊನೆಗೆ ನೋಡಿದರೆ ಕುರ್ಚಿಗಳ ಮೇಲೆಲ್ಲ ಕೂತಿದ್ದು ನಾನೇ. ಮನೆಯಿಂದ ಲಾಗಿನ್ ಆಗಿ, ವಿಪಿಎನ್ ಕಟ್ ಆಗಿ, ಮತ್ತೆ ಲಾಗಿನ್ ಆಗಿ, ಮತ್ತೆ ಕಟ್ ಆಗಿ. ಯಾರೋ ಪುಣ್ಯಾತ್ಮರು ಎಕ್ಸೆಕ್-ಟೈಮ್‌ಔಟ್ ಸೊನ್ನೆ ಇಟ್ಟಿದ್ದರು. ಸೊನ್ನೆ ಅಂದರೆ ಸೆಷನ್ ಯಾವತ್ತೂ ತಾನಾಗಿ ಮುಗಿಯುವುದಿಲ್ಲ ಅಂತ. ಡೀಫಾಲ್ಟ್ ಹತ್ತು ನಿಮಿಷ ಇರುತ್ತದೆ, "ಪದೇ ಪದೇ ಲಾಗೌಟ್ ಆಗುತ್ತದೆ, ರಗಳೆ" ಅಂತ ಯಾರೋ ಒಬ್ಬರು ತೆಗೆದಿರುತ್ತಾರೆ, ಎಲ್ಲ ಕಡೆ ಇದೇ ಕಥೆ.

ಎರಡನ್ನೂ ಬೇರೆ ಮಾಡುವ ಒಂದು ಸುಳಿವು ವೆಬ್ ಪುಟ. ವಿಟಿವೈ ತುಂಬಿದ ಮಾತ್ರಕ್ಕೆ ಎಚ್‌ಟಿಟಿಪಿ ಸಾಮಾನ್ಯವಾಗಿ ಪೂರ್ತಿ ಬಂದ್ ಆಗುವುದಿಲ್ಲ. ನಿಮಗೆ ಅದೂ ತೆರೆಯುತ್ತಿಲ್ಲ ಅಂದಿರಿ. ಹಾಗಿದ್ದರೆ ಮೇಲಿನವರ ಅನುಮಾನಕ್ಕೆ ಸ್ವಲ್ಪ ಬಲ ಬರುತ್ತದೆ. ಆದರೆ ಆ ವೆಬ್ ಸರ್ವರ್ ಮೊದಲು ಯಾವತ್ತಾದರೂ ಆನ್ ಇತ್ತೇ ಅಂತ ನೋಡಿದ್ದೀರಾ?

ಹೊಸ ಪಾಳಿ

ಇಬ್ಬರಿಗೂ ಧನ್ಯವಾದ. ವೆಬ್ ಸರ್ವರ್ ಪ್ರಶ್ನೆ ಓದಿ ಹಳೆಯ ಕಾನ್ಫಿಗ್ ಬ್ಯಾಕಪ್ ತೆಗೆದು ನೋಡಿದೆ. ಎಚ್‌ಟಿಟಿಪಿ ಸರ್ವರ್ ಮೊದಲಿನಿಂದಲೂ ಆಫ್. ಆನ್ ಇಲ್ಲದ ಬಾಗಿಲನ್ನು ತಟ್ಟಿ "ಇದೂ ಕೆಟ್ಟಿದೆ" ಅಂತ ಬರೆದಿದ್ದೇನೆ. ತಪ್ಪಾಯಿತು.

ಲ್ಯಾಪ್‌ಟಾಪ್, ಕನ್ಸೋಲ್ ಕೇಬಲ್ ಎರಡೂ ಶಾಖೆಗೆ ಕಳಿಸಿ ಇಟ್ಟಿದ್ದೇನೆ. ಮತ್ತೆ ಆಗಲಿ ಅಂತ ಕಾಯುತ್ತಿದ್ದೇನೆ, ಮೊದಲ ಸಲ ಒಂದು ತೊಂದರೆ ಬೇಗ ಬರಲಿ ಅನ್ನಿಸುತ್ತಿದೆ. ಅಷ್ಟರಲ್ಲಿ ಒಂದು ಕೇಳುತ್ತೇನೆ: ತಪ್ಪು ಪಾಸ್‌ವರ್ಡ್ ಹಾಕುವವರನ್ನು ತಡೆಯಲು "ಲಾಗಿನ್ ಬ್ಲಾಕ್-ಫಾರ್" ಅಂತ ಒಂದು ಕಮಾಂಡ್ ಇದೆಯಂತೆ. ಅದನ್ನು ಹಾಕಿಬಿಟ್ಟರೆ ಬಾಟ್‌ಗಳ ಕಾಟ ತಪ್ಪುತ್ತದೆಯಲ್ಲ? ಇನ್ನೊಂದು, ಆ 2004ರ ದೋಷ ನಮ್ಮ ರೂಟರ್‌ನಲ್ಲಿ ಇದೆಯೇ ಅಂತ ತಿಳಿಯಲು ಅಂಥದ್ದೇ ಪ್ಯಾಕೆಟ್ ಒಂದು ಕಳಿಸಿ ನೋಡಬಹುದೇ?

ರಾತ್ರಿ ಡ್ಯೂಟಿ

ಎರಡನೆಯದಕ್ಕೆ ಮೊದಲು ಉತ್ತರ: ಓಡುತ್ತಿರುವ ರೂಟರ್ ಮೇಲೆ ಬೇಡ. ಕೆಲಸ ಮಾಡಿತು ಅಂದರೆ ನೀವೇ ನಿಮ್ಮನ್ನು ಹೊರಗೆ ಹಾಕಿಕೊಂಡ ಹಾಗೆ, ಮಾಡಲಿಲ್ಲ ಅಂದರೆ ದೋಷ ಇಲ್ಲ ಅಂತಲೂ ಅಲ್ಲ, ನೀವು ಕಟ್ಟಿದ ಪ್ಯಾಕೆಟ್ ಸರಿಯಿರಲಿಲ್ಲ ಅಂತ ಇರಬಹುದು. ಸಾಫ್ಟ್‌ವೇರ್ ವರ್ಷನ್ ಬರೆದುಕೊಂಡು ತಯಾರಕರ ಪ್ರಕಟಣೆಯಲ್ಲಿರುವ ಪಟ್ಟಿಯ ಜೊತೆ ಹೋಲಿಸಿ, ಅಷ್ಟು ಸಾಕು. ಪ್ರಯೋಗ ಮಾಡಲೇಬೇಕು ಅಂದರೆ ಮೇಜಿನ ಮೇಲೆ ಬೇರೆ ಒಂದು ಡಬ್ಬಿ ಇಟ್ಟುಕೊಂಡು ಮಾಡಿ.

ಈಗ ಲಾಗಿನ್ ಬ್ಲಾಕ್-ಫಾರ್. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಹೇಳುವುದಿದೆ, ಯಾಕೆಂದರೆ ಔಷಧಿಯೇ ರೋಗವಾಗುವ ಜಾಗ ಇದು. "60 ಸೆಕೆಂಡಿನಲ್ಲಿ 3 ಸಲ ತಪ್ಪು ಪಾಸ್‌ವರ್ಡ್ ಬಂದರೆ 120 ಸೆಕೆಂಡು ಯಾರನ್ನೂ ಒಳಗೆ ಬಿಡಬೇಡ" ಅಂತ ನೀವು ಹೇಳಿದಿರಿ ಅನ್ನಿ. ಯಾರನ್ನೂ ಅಂದರೆ ಯಾರನ್ನೂ. ತಪ್ಪು ಮಾಡಿದವನ ವಿಳಾಸವನ್ನು ಮಾತ್ರ ತಡೆಯುವ ಕಮಾಂಡ್ ಅಲ್ಲ ಅದು. ರೂಟರ್ ಮೌನ ಹಿಡಿದು ಕೂರುತ್ತದೆ, ನಿಮ್ಮನ್ನೂ ಬಿಡುವುದಿಲ್ಲ. ಹಾಗಾದರೆ ನಿಮ್ಮನ್ನು ಶಾಶ್ವತವಾಗಿ ಹೊರಗಿಡಲು ಏನು ಬೇಕು? ಎರಡು ನಿಮಿಷಕ್ಕೊಮ್ಮೆ ಮೂರು ತಪ್ಪು ಪಾಸ್‌ವರ್ಡ್. ಯಾವ ಬಗ್ಗೂ ಬೇಡ, ಯಾವ ಜಾಣತನವೂ ಬೇಡ, ಮೂರು ಸಾಲಿನ ಸ್ಕ್ರಿಪ್ಟ್ ಸಾಕು. ಐದು ಕುರ್ಚಿ ತುಂಬಿಸುವುದಕ್ಕಿಂತ ಇದು ಸುಲಭ!

ಇದಕ್ಕೆ ಬಿಡುಗಡೆ ಇದೆ. "ಲಾಗಿನ್ ಕ್ವಯಟ್-ಮೋಡ್ ಆಕ್ಸೆಸ್-ಕ್ಲಾಸ್" ಅಂತ ಹಾಕಿ ನಿಮ್ಮ ಆಡಳಿತದ ವಿಳಾಸಗಳಿರುವ ಎಸಿಎಲ್ (ಯಾರನ್ನು ಬಿಡಬೇಕು ಅನ್ನುವ ಪಟ್ಟಿ) ಕೊಟ್ಟರೆ ಮೌನದ ಹೊತ್ತಿನಲ್ಲೂ ಆ ವಿಳಾಸಗಳನ್ನು ಬಿಡುತ್ತದೆ. ಆದರೆ ಯಾರು ಬರಬಹುದು ಅಂತ ಪಟ್ಟಿ ಮಾಡಲು ನಿಮ್ಮಿಂದ ಆಗುತ್ತದೆ ಅಂದ ಮೇಲೆ, ಉಳಿದವರನ್ನು ಬಾಗಿಲವರೆಗೆ ಬರಗೊಡುವುದೇ ಯಾಕೆ? ನಾನಂತೂ ಅಲ್ಲಿಂದಲೇ ಶುರು ಮಾಡುತ್ತೇನೆ: ಮೊದಲು ಆ ಪಟ್ಟಿಯನ್ನು ಲಾಗಿನ್ ಸಾಲುಗಳಿಗೇ ಹಾಕುವ ಆಕ್ಸೆಸ್-ಕ್ಲಾಸ್, ಆಮೇಲೆ ಬೇಕಿದ್ದರೆ ಬ್ಲಾಕ್-ಫಾರ್.

ಲೂಪ್‌ಬ್ಯಾಕ್ ಸೊನ್ನೆ

ನಿಮ್ಮ ಮ್ಯಾನೇಜರ್ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. "ಟ್ರಾಫಿಕ್ ನಿಂತಿಲ್ಲವಲ್ಲ" ಅನ್ನುವುದು ಇವತ್ತಿನ ಅದೃಷ್ಟ. ಮ್ಯಾನೇಜ್‌ಮೆಂಟ್ ಪೋರ್ಟ್‌ಗೆ ಬಿದ್ದ ಏಟು ಎಲ್ಲ ಸಲವೂ ಅಲ್ಲೇ ನಿಲ್ಲುವುದಿಲ್ಲ.

2016ರ ನವೆಂಬರ್ 27ರಿಂದ ಜರ್ಮನಿಯಲ್ಲಿ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕೆಟ್ಟಿತು. ಸೋಂಕು ಹತ್ತಿದ ಸಾಧನಗಳ ಜಾಲವಾದ ಮಿರಾಯ್ ಬಾಟ್‌ನೆಟ್‌ನ ಒಂದು ತಳಿ ಜಗತ್ತಿನಾದ್ಯಂತ 7547ನೇ ಟಿಸಿಪಿ ಪೋರ್ಟ್ ಹುಡುಕಿಕೊಂಡು ಹೊರಟಿತ್ತು. ಇಂಟರ್ನೆಟ್ ಕಂಪನಿ ನಿಮ್ಮ ಮನೆಯ ರೂಟರನ್ನು ದೂರದಿಂದಲೇ ಸರಿಪಡಿಸಲು ಬಳಸುವ ಟಿಆರ್-069 ಅನ್ನುವ ವ್ಯವಸ್ಥೆಯ ಪೋರ್ಟ್ ಅದು. ಆ ಬಾಟ್ ಲಿನಕ್ಸ್ ಇರುವ ರೂಟರ್‌ಗಳಿಗೆ ಕಮಾಂಡ್ ತುರುಕಿ ಸೋಂಕು ಹತ್ತಿಸಲು ನೋಡುತ್ತಿತ್ತು. ಇದರಲ್ಲಿ ನನಗೆ ಬಹಳ ಇಷ್ಟವಾದ ತಿರುವು ಏನೆಂದರೆ, ಜರ್ಮನಿಯ ಆ ರೂಟರ್‌ಗಳಲ್ಲಿ ಲಿನಕ್ಸ್ ಇರಲೇ ಇಲ್ಲ. ಸೋಂಕು ಹತ್ತಲಿಲ್ಲ. ಆದರೆ ಆ ಪೋರ್ಟ್‌ಗೆ ಮತ್ತೆ ಮತ್ತೆ ಬಂದ ಕನೆಕ್ಷನ್‌ಗಳ ಹೊಡೆತ ತಡೆಯಲಾರದೆ ಅವು ಹ್ಯಾಂಗ್ ಆದವು. ಕಳ್ಳನಿಗೆ ಬೀಗ ಒಡೆಯಲು ಆಗಲಿಲ್ಲ, ಬಾಗಿಲು ಬಡಿದ ರಭಸಕ್ಕೆ ಮನೆಯೇ ಅಲುಗಾಡಿತು. ಸೇವೆ ನಿಲ್ಲಿಸುವುದು ಅವನ ಉದ್ದೇಶವೇ ಆಗಿರಲಿಲ್ಲ ಅನ್ನುವುದನ್ನು ಮ್ಯಾನೇಜರ್‌ಗೆ ಒತ್ತಿ ಹೇಳಿ.

2018ರ ಮಾರ್ಚ್‌ನಲ್ಲಿ ಹೊರಬಂದ ಸಿಸ್ಕೋ ಸ್ಮಾರ್ಟ್ ಇನ್‌ಸ್ಟಾಲ್ ದೋಷವೂ ಇದೇ ಜಾತಿ. ಹೊಸ ಸ್ವಿಚ್ಚನ್ನು ದೂರದಿಂದ ಕಾನ್ಫಿಗರ್ ಮಾಡಲು ಇದ್ದ ಸೌಲಭ್ಯ, ಟಿಸಿಪಿ ಪೋರ್ಟ್ 4786. ಸಿವಿಇ-2018-0171. ಪ್ಯಾಕೆಟ್ ಒಂದು ಕಳಿಸಿ ಸಾಧನವನ್ನು ರೀಲೋಡ್ ಮಾಡಿಸಬಹುದಿತ್ತು, ಇನ್ನೂ ಕೆಟ್ಟದ್ದೂ ಸಾಧ್ಯವಿತ್ತು. ಆ ಸೌಲಭ್ಯ ಬಳಸದೇ ಇದ್ದವರೂ ಆಫ್ ಮಾಡಿರಲಿಲ್ಲ, ಅಲ್ಲಿಗೇ ಎಡವಿದ್ದು. "ನೋ ವಿಸ್ಟ್ಯಾಕ್" ಅಂತ ಎರಡು ಪದ ಹಾಕಿದ್ದರೆ ಮುಗಿಯುತ್ತಿತ್ತು.

ಮ್ಯಾನೇಜರ್‌ಗೆ ಕಾಗದದ ಮೇಲೆ ಏನಾದರೂ ಬೇಕಿದ್ದರೆ 2023ರ ಜೂನ್‌ನಲ್ಲಿ ಸಿಸಾ ಹೊರಡಿಸಿದ ಆದೇಶ ತೋರಿಸಿ, ಬಿಒಡಿ 23-02. ಅಮೆರಿಕದ ಕೇಂದ್ರ ಸರ್ಕಾರದ ಸಂಸ್ಥೆಗಳು ತಮ್ಮ ರೂಟರ್, ಸ್ವಿಚ್, ಫೈರ್‌ವಾಲ್ ಇಂಥವುಗಳ ಮ್ಯಾನೇಜ್‌ಮೆಂಟ್ ಬಾಗಿಲು ಇಂಟರ್ನೆಟ್ಟಿಗೆ ತೆರೆದಿರುವುದು ಗೊತ್ತಾದ 14 ದಿನದೊಳಗೆ ಅದನ್ನು ಮುಚ್ಚಬೇಕು, ಇಲ್ಲವೇ ಬೇರೊಂದು ಕಾವಲಿನ ಹಿಂದೆ ಇಡಬೇಕು ಅಂತ ಅದರಲ್ಲಿದೆ. ನಮ್ಮ ನಿಮ್ಮ ಮೇಲೆ ಅದಕ್ಕೆ ಅಧಿಕಾರವಿಲ್ಲ, ಆದರೆ ಇದನ್ನು ಯಾರೂ "ಸಣ್ಣ ವಿಷಯ" ಅಂತ ನೋಡುತ್ತಿಲ್ಲ ಅನ್ನುವುದಕ್ಕೆ ಸಾಕು.

ಹೊಸ ಪಾಳಿ

ಸಿಕ್ಕಿಬಿತ್ತು!

ಒಂಬತ್ತನೇ ದಿನ ಬೆಳಿಗ್ಗೆ ಮತ್ತೆ ರೆಫ್ಯೂಸ್ಡ್. ಈ ಸಲ ಪವರ್ ಮುಟ್ಟಲು ಬಿಡಲಿಲ್ಲ, ಕನ್ಸೋಲ್‌ನಿಂದ ಒಳಗೆ ಹೋದೆ. ಐದು ಸಾಲುಗಳೂ ಭರ್ತಿ. ಅದರಲ್ಲಿ ಮೂರು ಸಾಲಿನಲ್ಲಿ ಕಾಣಿಸಿದ್ದು ನಮ್ಮದೇ ಮಾನಿಟರಿಂಗ್ ಸರ್ವರ್‌ನ ವಿಳಾಸ! ಒಂದು ಏಳು ದಿನದಿಂದ ಅಲುಗಾಡದೆ ಕೂತಿದೆ, ಇನ್ನೊಂದು ನಾಲ್ಕು ದಿನ, ಮೂರನೆಯದು ಹಿಂದಿನ ರಾತ್ರಿಯದು. ಉಳಿದ ಎರಡರಲ್ಲಿ ಪರಿಚಯವಿಲ್ಲದ ವಿಳಾಸಗಳು, ಒಂದು ನಿಮಿಷ ಬಿಟ್ಟು ನೋಡಿದರೆ ಬೇರೆ ಎರಡು ವಿಳಾಸ, ಮತ್ತೊಂದು ನಿಮಿಷಕ್ಕೆ ಇನ್ನೆರಡು. ಎಕ್ಸೆಕ್-ಟೈಮ್‌ಔಟ್ ನೋಡಿದೆ. ಸೊನ್ನೆ. ನೀವು ಹೇಳಿದ ಪುಣ್ಯಾತ್ಮರು ಇಲ್ಲಿಗೂ ಬಂದು ಹೋಗಿದ್ದಾರೆ.

ನಮ್ಮ ಸರ್ವರ್ ಯಾಕೆ ಕೂತಿತ್ತು ಅಂತ ಹುಡುಕಿದಾಗ ಕಥೆ ಹೊರಬಂತು. ರಾತ್ರಿ ಒಂದು ಸ್ಕ್ರಿಪ್ಟ್ ಟೆಲ್ನೆಟ್ ಮಾಡಿ ಕಾನ್ಫಿಗ್ ಬ್ಯಾಕಪ್ ತೆಗೆಯುತ್ತದೆ. ಪರದೆ ತುಂಬಿದಾಗ ರೂಟರ್ "ಮೋರ್" ಅಂತ ಕೇಳಿ ನಿಲ್ಲದಿರಲಿ ಎಂದು ಅದು ಮೊದಲೇ ಒಂದು ಕಮಾಂಡ್ ಕಳಿಸಬೇಕು. ರೂಟರ್ ಉತ್ತರ ಕೊಡುವುದು ಸ್ವಲ್ಪ ತಡವಾದ ರಾತ್ರಿಗಳಲ್ಲಿ ಆ ಕಮಾಂಡ್ ಕಳೆದುಹೋಗುತ್ತಿತ್ತು. ರೂಟರ್ "ಮೋರ್" ಅಂತ ಕಾಯುತ್ತಾ, ಸ್ಕ್ರಿಪ್ಟ್ ರೂಟರ್‌ಗೆ ಕಾಯುತ್ತಾ, ನೀನು ಮೊದಲು ನಾನು ಮೊದಲು ಅಂತ ಇಬ್ಬರೂ ಬೆಳಗಿನವರೆಗೆ ಕೂರುತ್ತಿದ್ದರು. ಮಧ್ಯದಲ್ಲಿರುವ ಫೈರ್‌ವಾಲ್ ಒಂದು ಗಂಟೆ ಸದ್ದಿಲ್ಲದ ಸೆಷನ್ನನ್ನು ಮರೆತುಬಿಡುತ್ತದೆ. ಹಾಗಾಗಿ ಬೆಳಿಗ್ಗೆ ಸ್ಕ್ರಿಪ್ಟನ್ನು ಕೊಂದಾಗ ಹೋಗುವ ಕೊನೆಯ ಪ್ಯಾಕೆಟ್ ರೂಟರ್‌ಗೆ ತಲುಪುತ್ತಲೇ ಇರಲಿಲ್ಲ. ರೂಟರ್ ಪಾಲಿಗೆ ಆ ಸೆಷನ್ ಇನ್ನೂ ಜೀವಂತ.

ಮೂರು ಕುರ್ಚಿ ನಾವೇ ಹಿಡಿದಿದ್ದೆವು. ಉಳಿದ ಎರಡಕ್ಕೆ ಇಡೀ ಇಂಟರ್ನೆಟ್ ಸಾಲು ನಿಂತಿತ್ತು. ನನಗೆ ಜಾಗ ಸಿಕ್ಕಿದ್ದರೆ ಅದೇ ಆಶ್ಚರ್ಯ.

ಮೂರೂ ಸಾಲನ್ನು ಕ್ಲಿಯರ್ ಮಾಡಿ ಒಳಗೆ ಬಂದಿದ್ದೇನೆ. ಈಗ ಇದನ್ನು ಸರಿಯಾಗಿ ಮುಚ್ಚುವುದು ಹೇಗೆ? ದೂರದಿಂದ ಎಸಿಎಲ್ ಹಾಕಿ ನಾನೇ ಹೊರಗೆ ಉಳಿದರೆ ಅಂತ ಕೈ ನಡುಗುತ್ತಿದೆ.

ಕನ್ಸೋಲ್ ಕೇಬಲ್

ನನ್ನ ಸಿವಿಇ ಅನುಮಾನ ಬಿದ್ದುಹೋಯಿತು, ಒಪ್ಪಿದೆ. ಅರ್ಧ ಹ್ಯಾಂಡ್‌ಶೇಕ್ ಅವರಿಗೆ ಒಂದು ನಮಸ್ಕಾರ. ಆದರೂ ಆ ಸಾಫ್ಟ್‌ವೇರ್ ವರ್ಷನ್ ಒಮ್ಮೆ ನೋಡಿಬಿಡಿ, ಹಳೇ ಡಬ್ಬಿ ಅಂದಿರಲ್ಲ.

ಕೈ ನಡುಗುವುದಕ್ಕೆ ಮದ್ದು ಇದೆ. ಕಾನ್ಫಿಗ್ ಮುಟ್ಟುವ ಮೊದಲು "ರೀಲೋಡ್ ಇನ್ 10" ಹಾಕಿ. ಹತ್ತು ನಿಮಿಷದಲ್ಲಿ ರೂಟರ್ ತಾನಾಗಿ ರೀಬೂಟ್ ಆಗುತ್ತದೆ. ಬದಲಾವಣೆ ಮಾಡಿ, ಸೇವ್ ಮಾತ್ರ ಮಾಡಬೇಡಿ. ಈಗಿರುವ ಸೆಷನ್ ಮುಚ್ಚದೆ ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ನೋಡಿ. ಆಯಿತೇ, "ರೀಲೋಡ್ ಕ್ಯಾನ್ಸಲ್" ಹಾಕಿ ಸೇವ್ ಮಾಡಿ. ಆಗಲಿಲ್ಲವೇ, ಹತ್ತು ನಿಮಿಷ ಕಾಯಿರಿ, ಹಳೆಯ ಕಾನ್ಫಿಗ್ ಜೊತೆ ಎದ್ದು ಬರುತ್ತದೆ. ಆ ಕ್ಯಾನ್ಸಲ್ ಮರೆತು ಊಟಕ್ಕೆ ಹೋದವರನ್ನು ನೋಡಿದ್ದೇನೆ. ಮರೆಯಬೇಡಿ.

ಏನೇನು ಬದಲಿಸಬೇಕು ಅಂದರೆ, ವಿಟಿವೈ ಸಾಲುಗಳಲ್ಲಿ ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್ ಮಾತ್ರ, ಟೆಲ್ನೆಟ್ ಬಂದ್. ಬ್ಯಾಕಪ್ ಸ್ಕ್ರಿಪ್ಟನ್ನು ಮೊದಲೇ ಎಸ್‌ಎಸ್‌ಎಚ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ನಾಳೆಯಿಂದ ಬ್ಯಾಕಪ್ ಇಲ್ಲ. ಎಕ್ಸೆಕ್-ಟೈಮ್‌ಔಟ್ ಐದು ನಿಮಿಷ. "ಸರ್ವಿಸ್ ಟಿಸಿಪಿ-ಕೀಪ್‌ಅಲೈವ್ಸ್-ಇನ್" ಆನ್ ಮಾಡಿ. ಆಗ ಆ ಕಡೆ ಸತ್ತುಹೋದ ಸೆಷನ್‌ಗೆ ರೂಟರ್ ಆಗಾಗ "ಇದ್ದೀಯಾ" ಅಂತ ಕೇಳುತ್ತದೆ, ಉತ್ತರ ಬರದಿದ್ದರೆ ತಾನೇ ಕಿತ್ತು ಹಾಕುತ್ತದೆ. ನಿಮ್ಮ ಏಳು ದಿನದ ಹೆಣ ಹೀಗೆ ಕೂರುತ್ತಿರಲಿಲ್ಲ. ಆಮೇಲೆ ಆಕ್ಸೆಸ್-ಕ್ಲಾಸ್ ಹಾಕಿ ನಿಮ್ಮ ಆಡಳಿತದ ಸಬ್‌ನೆಟ್ ಬಿಟ್ಟು ಉಳಿದವರನ್ನೆಲ್ಲ ತಡೆಯಿರಿ. ಕೊನೆಯ ಸಾಲು, ಅಂದರೆ ವಿಟಿವೈ 4, ಅದಕ್ಕೆ ಇನ್ನೂ ಬಿಗಿಯಾದ ಬೇರೆ ಆಕ್ಸೆಸ್-ಕ್ಲಾಸ್ ಹಾಕಿ, ನಿಮ್ಮ ಒಂದೇ ಒಂದು ಮೆಷೀನಿಗೆ ಮೀಸಲಿಡಿ. ಉಳಿದ ನಾಲ್ಕನ್ನು ಸ್ಕ್ರಿಪ್ಟೋ ಸಹೋದ್ಯೋಗಿಯೋ ತುಂಬಿಸಿದರೂ ಐದನೆಯದು ನಿಮಗೆ ಖಾಲಿ ಇರುತ್ತದೆ.

ರಾತ್ರಿ ಡ್ಯೂಟಿ

ಎಲ್ಲರೂ ಮರೆಯುವುದು ಐಪಿವಿ6. ಅದಕ್ಕೆ ಬೇರೆಯೇ ಆಕ್ಸೆಸ್-ಕ್ಲಾಸ್ ಹಾಕಬೇಕು. ಐಪಿವಿ4 ಬಾಗಿಲಿಗೆ ಬೀಗ ಜಡಿದು ಐಪಿವಿ6 ಹಿತ್ತಲ ಬಾಗಿಲು ತೆರೆದಿಟ್ಟ ರೂಟರ್‌ಗಳಿಗೆ ಲೆಕ್ಕವಿಲ್ಲ.

ಮತ್ತೆ, ಆಕ್ಸೆಸ್-ಕ್ಲಾಸ್ ಇದೆ ಅಂತ ಪೂರ್ತಿ ನಿಶ್ಚಿಂತೆ ಬೇಡ. ಅದು ಬೇಡವೆಂದು ಹೇಳುವ ಮೊದಲು ಆ ಪ್ಯಾಕೆಟ್ ರೂಟರ್‌ನ ಸಿಪಿಯುವರೆಗೆ ಬಂದೇ ಬಂದಿರುತ್ತದೆ. ಸೆಕೆಂಡಿಗೆ ಸಾವಿರಗಟ್ಟಲೆ ಬಂದರೆ ಇಲ್ಲ ಅನ್ನುವುದೇ ಒಂದು ಕೆಲಸವಾಗುತ್ತದೆ. ಅದಕ್ಕೇ ಇಂಟರ್ನೆಟ್ ಬಂದು ಸೇರುವ ಇಂಟರ್‌ಫೇಸ್ ಮೇಲೆಯೇ, ರೂಟರ್‌ನ ಸ್ವಂತ ವಿಳಾಸಗಳ ಕಡೆಗೆ ಬರುವ 22 (ಎಸ್‌ಎಸ್‌ಎಚ್), 23, 161 ಈ ಪೋರ್ಟ್‌ಗಳನ್ನೆಲ್ಲ ಬೀಳಿಸುವ ಎಸಿಎಲ್ ಇಡಿ. ಸಾಧ್ಯವಿದ್ದರೆ ರೂಟರ್‌ನ ಮಿದುಳಾದ ಕಂಟ್ರೋಲ್ ಪ್ಲೇನ್‌ಗೆ ಹೋಗುವ ಟ್ರಾಫಿಕ್‌ಗೆ ಮಿತಿಯನ್ನೂ ಇಡಿ. ಇದನ್ನೆಲ್ಲ ಆರ್‌ಎಫ್‌ಸಿ 6192 ಅನ್ನುವ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ 2011ರಲ್ಲೇ ಉದಾಹರಣೆ ಸಮೇತ ಬರೆದಿಟ್ಟಿದ್ದಾರೆ. ಜ್ಯೂನಿಪರ್ ಆದರೆ ಎಲ್‌ಓ0 ಮೇಲೆ ಫಿಲ್ಟರ್, ಮೈಕ್ರೋಟಿಕ್ ಆದರೆ ಫೈರ್‌ವಾಲ್‌ನ ಇನ್‌ಪುಟ್ ಚೈನ್. ಹೆಸರು ಬೇರೆ, ಕೆಲಸ ಒಂದೇ. ಹಾಕುವಾಗ ಬಿಜಿಪಿಯ 179 ಬೀಳಿಸಿಬಿಡಬೇಡಿ, ಆಗ ಮ್ಯಾನೇಜರ್ ಹೇಳುವ ಟ್ರಾಫಿಕ್ಕೂ ನಿಲ್ಲುತ್ತದೆ.

ಅರ್ಧ ಹ್ಯಾಂಡ್‌ಶೇಕ್

ಒಂದೇ ಸೇರಿಕೆ. ಆ ಲ್ಯಾಪ್‌ಟಾಪ್ ಮತ್ತು ಕನ್ಸೋಲ್ ಕೇಬಲ್ ವಾಪಸ್ ತರಿಸಬೇಡಿ, ಅಲ್ಲೇ ಇರಲಿ. ಇನ್ನೂ ಚೆನ್ನಾಗಿ ಮಾಡಬೇಕೆಂದರೆ ಬೇರೆ ಸಂಪರ್ಕದಲ್ಲಿ ಒಂದು ಚಿಕ್ಕ ಕನ್ಸೋಲ್ ಸರ್ವರ್ ಇಡಿ. ಆದರೆ ಅದರ ಮ್ಯಾನೇಜ್‌ಮೆಂಟ್ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟರೆ ಇದೇ ಥ್ರೆಡ್ಡನ್ನು ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಹೊಸ ಪಾಳಿ

ರೀಲೋಡ್ ಇನ್ 10 ಹಾಕಿಕೊಂಡು ಎಲ್ಲ ಬದಲಾವಣೆ ಮಾಡಿದೆ. ಮೊದಲ ಪ್ರಯತ್ನದಲ್ಲಿ ಎಸಿಎಲ್‌ನಲ್ಲಿ ಸಬ್‌ನೆಟ್ ತಪ್ಪು ಬರೆದು ಹೊರಗೇ ಉಳಿದೆ, ಹತ್ತು ನಿಮಿಷ ಉಗುರು ಕಚ್ಚುತ್ತಾ ಕೂತೆ, ಅದು ಎದ್ದು ಬಂತು. ಎರಡನೇ ಸಲ ಸರಿಯಾಯಿತು. ಕ್ಯಾನ್ಸಲ್ ಮರೆಯಲಿಲ್ಲ. ಸ್ಕ್ರಿಪ್ಟ್ ಈಗ ಎಸ್‌ಎಸ್‌ಎಚ್‌ನಲ್ಲಿದೆ, ಐದು ನಿಮಿಷದಲ್ಲಿ ಮುಗಿಯದಿದ್ದರೆ ತಾನೇ ಬಿಟ್ಟುಕೊಡುತ್ತದೆ. ಮ್ಯಾನೇಜರ್‌ಗೆ ಜರ್ಮನಿಯ ಕಥೆ ಹೇಳಿದೆ, ಉಳಿದ ಶಾಖೆಗಳ ರೂಟರ್‌ಗಳನ್ನೂ ನೋಡು ಅಂದರು.

ನೋಡುತ್ತಿರುವಾಗ ಒಂದರಲ್ಲಿ "ಲೈನ್ ಆಕ್ಸ್ 0" (ಮೋಡೆಮ್ ಸಿಕ್ಕಿಸುವ ಸಾಲು) ಕೆಳಗೆ ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಆಲ್ ಅಂತ ಇದೆ. ಅಲ್ಲಿ ಮೋಡೆಮ್ ಇಲ್ಲ, ಏನೂ ಸಿಕ್ಕಿಸಿಲ್ಲ. ಬಿಡಲೇ?

ಕನ್ಸೋಲ್ ಕೇಬಲ್

ಬಿಡಬೇಡಿ. ಮೇಲೆ ರಿವರ್ಸ್ ಟೆಲ್ನೆಟ್ ಅಂದೆನಲ್ಲ, ಅದು ಇದೇ. ಏನೂ ಸಿಕ್ಕಿಸದಿದ್ದರೂ 2001ನೇ ನಂಬರಿನಿಂದ ಮೇಲಿನ ಯಾವುದೋ ಒಂದು ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುತ್ತಾ ಕೂತಿರುತ್ತದೆ, ವಿಟಿವೈಗೆ ಹಾಕಿದ ಆಕ್ಸೆಸ್-ಕ್ಲಾಸ್ ಇದಕ್ಕೆ ಅನ್ವಯಿಸುವುದಿಲ್ಲ. ಟ್ರಾನ್ಸ್‌ಪೋರ್ಟ್ ಇನ್‌ಪುಟ್ ನನ್, ನೋ ಎಕ್ಸೆಕ್, ಎರಡೂ ಹಾಕಿ. ಉಳಿದ ಶಾಖೆಗಳಲ್ಲೂ ಅದೇ ಸಾಲು ಹುಡುಕಿ. ಒಬ್ಬರೇ ಕಾನ್ಫಿಗ್ ಮಾಡಿದ್ದರೆ ಎಲ್ಲ ಕಡೆಯೂ ಇರುತ್ತದೆ.